ಹನ್ನೊಂದು ಲಕೋಟೆ

"ಗಾಳ ಕಂಡ ಬಾಯಲ್ಲ ಇದು," ಎಂದಳು ರೈದುನ್, ಮೀನಿನ ದವಡೆಯೊಳಗೆ ಹೆಬ್ಬೆರಳು ತೂರಿಸಿ. "ಬೇಕಾದ್ರೆ ನೀನೇ ಬೆರಳಿಟ್ಟು ನೋಡು. ಒಂದು ಗೀರಿಲ್ಲ."

ಅಸ್ಲಾಗ್ ಬಗ್ಗಿ ನೋಡಿದಳು. ಅಂಗಡಿಯ ಹಿಂದಿನ ಶೀತಕೋಣೆಯಲ್ಲಿ, ತಗಡು ಹೊದಿಸಿದ ಉದ್ದ ಮೇಜಿನ ಮೇಲೆ ಹನ್ನೊಂದು ಸಾಲ್ಮನ್ ಮೀನುಗಳು ಸಾಲಾಗಿ ಮಲಗಿದ್ದವು. ಚಿಕ್ಕದು ಮೊಳದುದ್ದ. ದೊಡ್ಡದನ್ನು ಎತ್ತಿ ಇಡಲು ಇಬ್ಬರೂ ಕೈ ಹಾಕಬೇಕಾಗಿತ್ತು.

"ಬಲೆ?"

"ಬಲೆ ಆಗಿದ್ರೆ ಕತ್ತಿನ ಸುತ್ತ ದಾರ ಕೊಯ್ದ ಗುರುತಿರ್ತಿತ್ತು. ಅದೂ ಇಲ್ಲ. ತಲೆ ಮೇಲೆ ದೊಣ್ಣೆ ಏಟೂ ಇಲ್ಲ. ನಮ್ಮೂರಲ್ಲಿ ಮೀನು ಹಿಡಿದವನು ಮೊದಲು ನೆತ್ತಿಗೊಂದು ಬಿಡ್ತಾನೆ, ಆಮೇಲೆ ದೇವರನ್ನ ನೆನೀತಾನೆ."

"ಹಾಗಾದ್ರೆ ಇವು ಸತ್ತಿದ್ದು ಹೇಗೆ?"

"ಪೊಲೀಸು ನೀನು. ನಾನು ಆಲೂಗಡ್ಡೆ ಮಾರೋಳು."

ಆ ಕಣಿವೆಯಲ್ಲಿ ಪಾದ್ರಿಗೂ ನೀನು, ಪೊಲೀಸಿಗೂ ನೀನು. ಅದರಲ್ಲೂ ನಲವತ್ತು ವರ್ಷ ಮೀನು ಸೀಳಿದ ಕೈಯ ರೈದುನ್ ಯಾರಿಗೂ ಬೇರೆ ಮಾತು ಕಲಿತವಳಲ್ಲ.

ಬುಧವಾರ ಮಧ್ಯಾಹ್ನ ಜಿಲ್ಲೆಯ ಠಾಣೆಗೆ ಹೆಸರು ಹೇಳದ ಹೆಂಗಸೊಬ್ಬಳು ಫೋನು ಮಾಡಿದ್ದಳು: "ಹೆಲ್ಡಾದ ಹಾಲ್ವಾರನ ದೋಣಿಮನೆ ನೋಡಿ. ನೀಲಿ ತಾಡಪಾಲಿನ ಕೆಳಗೆ ಹನ್ನೊಂದು ಸಾಲ್ಮನ್ ಇವೆ. ಕೊಳೆಯೋ ಮೊದಲು ನೋಡಿ." ಅಷ್ಟೇ. ಇವತ್ತು ಶನಿವಾರ. ಸಂಜೆ ಆರಕ್ಕೆ ಹೊಳೆದಂಡೆಯ ಒಡೆಯರ ಸಂಘ ಸಭೆ ಸೇರುತ್ತದೆ. ಹಾಲ್ವಾರನ ತಾತನ ಕಾಲದ ಮೀನಿನ ಹಕ್ಕು, ನೆಲದೊಳಗೆ ಚಾಚಿದ ಕಡಲ ತೋಳಿನ ಮೇಲೆ ಮೀನು ಕಾಯಲು ಕಟ್ಟಿದ ಅವನ ಅಟ್ಟಣೆ, ಎರಡನ್ನೂ ಕಿತ್ತುಕೊಳ್ಳುವ ಠರಾವಿಗೆ ಕೈ ಎತ್ತುತ್ತದೆ.

"ಯಾವಳು ಅವಳು, ಫೋನು ಮಾಡಿದೋಳು?" ರೈದುನ್ ಕೇಳಿದಳು. "ನಿಮ್ಮ ಯಂತ್ರದಲ್ಲಿ ದನಿ ಹಿಡಿದಿರ್ತೀರಲ್ಲ, ನನಗೊಂದು ಸಲ ಕೇಳಿಸು. ಈ ಕಣಿವೇಲಿ ಕೆಮ್ಮಿದ್ರೂ ಯಾರು ಅಂತ ಹೇಳ್ತೀನಿ."

"ಕೇಳಿಸೋ ಹಾಗಿಲ್ಲ. ಸುದ್ದಿ ಕೊಟ್ಟೋರ ಗುಟ್ಟು ಕಾಯ್ಬೇಕು."

"ಚಾಡಿಕೋರರಿಗೆ ಗುಟ್ಟಿದೆ. ಚಾಡಿ ಹೇಳಿಸಿಕೊಂಡವನ ಹೆಸರು ಪತ್ರಿಕೇಲಿ ಬರುತ್ತೆ."

ಅಸ್ಲಾಗ್ ಮುಂದಿನ ಮೀನಿನ ಬಾಯಿ ತೆರೆದು ನೋಡಿದಳು. ಜೂನಿನಲ್ಲಿ, ನಡುಬೇಸಿಗೆಯ ಬೆಂಕಿ ಹಚ್ಚುವ ಹಬ್ಬದ ದಿನವೇ ಸರ್ಕಾರ ಹೆಲ್ಡಾ ಹೊಳೆ ಮುಚ್ಚಿತ್ತು. ಕಡಲಿನಿಂದ ಹತ್ತಿ ಬರುವ ಸಾಲ್ಮನ್ ಎಣಿಕೆ ಅರ್ಧಕ್ಕಿಳಿದಿದೆ, ಇನ್ನು ಯಾರೂ ಗಾಳ ಹಾಕಕೂಡದು. ಸೇತುವೆಯ ಮೇಲೆ ಫಲಕ ಬಿತ್ತು. ವರ್ಷವಿಡೀ ರಜೆ ಕೂಡಿಟ್ಟು ಬಂದವರು ಕೋಲು ಮಡಚಿಕೊಂಡು ಹೋದರು. ಅರವತ್ತು ಬೇಸಿಗೆ ಅದೇ ಬಂಡೆಯ ಮೇಲೆ ನಿಂತ ಮುದುಕರು ಬಂಡೆಯನ್ನು ನೋಡುತ್ತ ಮನೆಯಲ್ಲಿ ಕುಳಿತರು.

ಮುಚ್ಚಿ ಎಂದು ಅರ್ಜಿ ಬರೆದವರಲ್ಲಿ ಮೊದಲ ಸಹಿ ಹಾಲ್ವಾರನದು. ಊರು ಅವನ ಮೇಲೆ ಉರಿಯಲು ಅದೇ ಕಾರಣ. ನಮ್ಮ ಕೋಲು ಮಡಚಿಸಿ ತಾನು ಬುಟ್ಟಿ ತುಂಬಿಕೊಂಡ, ಅಂತ.

ಮೀನುಗಾರಿಕೆ ಇಲಾಖೆಯ ಅಧಿಕಾರಿ ಗುರುವಾರ ಬಂದಿದ್ದ. ಮೀನು ಎಣಿಸಿದ, ಫೋಟೋ ತೆಗೆದ, 'ಅಕ್ರಮ ಬೇಟೆ' ಎಂದು ಬರೆದ, ಹೋದ. ಒಂದು ಮೀನನ್ನೂ ಮಗುಚಿ ನೋಡಿರಲಿಲ್ಲ.

"ಮಗುಚು," ಎಂದಳು ಅಸ್ಲಾಗ್.

ರೈದುನ್ ದೊಡ್ಡ ಮೀನನ್ನು ಮಗುಚಿದಳು. ಹೊಟ್ಟೆಯ ಬೆಳ್ಳಿ ಬಣ್ಣ ಉದ್ದಕ್ಕೂ ಕೆರೆದುಹೋಗಿತ್ತು, ಕಲ್ಲಿನ ಮೇಲೆ ಹೊರಳಿದ ಹಾಗೆ. ಅವಳು ಎರಡನೆಯದನ್ನು ಮಗುಚಿದಳು. ಮೂರನೆಯದನ್ನು. ಎಲ್ಲದರ ಹೊಟ್ಟೆಯೂ ಹಾಗೇ ಇತ್ತು. ನಾಲ್ಕನೆಯದರ ಹೊಟ್ಟೆಯನ್ನು ಮೆಲ್ಲಗೆ ಒತ್ತಿದಾಗ ಕಿತ್ತಳೆ ಬಣ್ಣದ ಎರಡು ಮೊಟ್ಟೆ ಹೊರಬಂದು ತಗಡಿನ ಮೇಲೆ ಉರುಳಿದವು. ರೈದುನ್ ಅವನ್ನು ಒರೆಸಲಿಲ್ಲ.

ಆಮೇಲೆ ಅವಳು ಕಿವಿರಿನ ಮುಚ್ಚಳ ಎತ್ತಿದಳು. ಬಹಳ ಹೊತ್ತು ಎತ್ತಿ ಹಿಡಿದೇ ನಿಂತಳು.

"ಏನು?"

"ಕೆಸರು."

ಕೆಂಪಾಗಿರಬೇಕಾದ ಕಿವಿರಿನ ಎಳೆಎಳೆಯ ನಡುವೆ ಬೂದು ಬಣ್ಣದ ನಯವಾದ ಜೇಡಿ ಒಣಗಿ ಕೂತಿತ್ತು. ರೈದುನ್ ಉಗುರಿನಿಂದ ಕೆದಕಿ, ಬೆರಳುಗಳ ನಡುವೆ ಉಜ್ಜಿ ನೋಡಿದಳು.

"ಪಾದ್ರಿ ಮಡುವಿನ ಮಣ್ಣು. ಹೆಲ್ಡಾದಲ್ಲಿ ಬೂದು ಜೇಡಿ ಇರೋದು ಅಲ್ಲೊಂದೇ ಕಡೆ, ಕಟ್ಟೆ ಕಟ್ಟಿ ಕರೆಂಟು ತೆಗೀತಾರಲ್ಲ, ಆ ಕರೆಂಟು ಮನೆಯ ಕೆಳಗೆ. ಎರಡಾಳು ಆಳದಲ್ಲಿ."

"ಮಡುವಿನ ತಳದ ಮಣ್ಣು ಮೀನಿನ ಕಿವಿರಿಗೆ ಹೇಗೆ ಬರುತ್ತೆ?"

"ಮೇಲೆ ನೀರಿಲ್ಲದಿದ್ರೆ ಬರುತ್ತೆ." ರೈದುನ್‌ಳ ದನಿ ಸಣ್ಣದಾಗಿತ್ತು. "ಇವನ್ನ ಯಾರೂ ಹಿಡಿದಿಲ್ಲ ಕಣೇ. ಇವು ನೀರಿಲ್ಲದೆ ಸತ್ತಿವೆ. ಹೊಳೇಲೇ, ನೀರಿಲ್ಲದೆ."

ಶೀತಯಂತ್ರ ಗೊರಗುಟ್ಟುತ್ತಿತ್ತು. ಅಸ್ಲಾಗ್ ಟಾರ್ಚು ತೆಗೆದು ಪ್ರತಿ ಮೀನಿನ ಮೇಲೂ ನಿಧಾನವಾಗಿ ಬೆಳಕು ಹಾಯಿಸಿದಳು. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ, ಪಕ್ಕೆಯ ಗೆರೆಗಿಂತ ಒಂದು ಬೆರಳು ಮೇಲೆ, ಹೆಬ್ಬೆಟ್ಟಿನಗಲ ಹುರುಪೆ ಇರಲಿಲ್ಲ. ಹನ್ನೊಂದಕ್ಕೆ ಹನ್ನೊಂದರಲ್ಲೂ ಅದೇ ಜಾಗ.

"ಇದೇನು?"

ರೈದುನ್ ಬಗ್ಗಿದಳು, ನೆಟ್ಟಗಾದಳು, ಮತ್ತೆ ಬಗ್ಗಿದಳು. ಆಮೇಲೆ ನಕ್ಕುಬಿಟ್ಟಳು. ಖುಷಿಯ ನಗೆಯಲ್ಲ.

"ಅಯ್ಯೋ ಇವನ ಮನೆ ಹಾಳಾಗ! ಹುರುಪೆ ತೆಗೆದಿದ್ದಾನೆ!"

ಹೆಲ್ಡಾದಲ್ಲಿ ಮಾತು ಬರುವ ಮೊದಲು ಆ ಕೆಲಸ ಬರುತ್ತದೆ. ಮೀನು ಹಿಡಿದವನು ಮನೆಗೊಯ್ಯುವ ಮುನ್ನ ಚಾಕುವಿನ ಮೊನೆಯಿಂದ ಒಂದಿಷ್ಟು ಹುರುಪೆ ಕೆರೆದು ಕಂದು ಲಕೋಟೆಗೆ ಹಾಕುತ್ತಾನೆ. ಮೇಲೆ ದಿನ, ಮಡು, ಉದ್ದ, ತೂಕ ಬರೆಯುತ್ತಾನೆ. ಮರದ ಉಂಗುರದ ಹಾಗೆ ಹುರುಪೆಯಲ್ಲಿ ಮೀನಿನ ವಯಸ್ಸು, ಕಡಲಲ್ಲಿ ಕಳೆದ ಚಳಿಗಾಲಗಳು ಎಲ್ಲ ಇರುತ್ತವೆ. ತೊಂಬತ್ತು ವರ್ಷಗಳಿಂದ ಸಂಘ ಅವನ್ನು ತಪ್ಪದೆ ಪ್ರಯೋಗಾಲಯಕ್ಕೆ ಕಳಿಸುತ್ತಿದೆ.

"ಕಳ್ಳ ಯಾರಾದ್ರೂ ಹುರುಪೆ ತೆಗೀತಾನಾ?" ಅಸ್ಲಾಗ್ ಕೇಳಿದಳು.

"ಕಳ್ಳ ತೆಗೆಯಲ್ಲ. ಹೆಲ್ಡಾದವನು ತೆಗೀತಾನೆ. ಕೈ ಕೇಳಲ್ಲ ಕಣೇ."

"ಹಾಗಿದ್ರೆ ಇಡೀ ಊರೇ ಆಗ್ಬಹುದು. ಹಾಲ್ವಾರನೂ ಆಗ್ಬಹುದು."

"ತಾಳು ತಾಳು. ಬೆಳಕು ಇತ್ತ ಹಿಡಿ." ಬಾಲದ ಬುಡದಲ್ಲಿ ಸಾಲ್ಮನ್ನಿಗೆ ಎಲುಬಿಲ್ಲದ ಒಂದು ಕಿರುರೆಕ್ಕೆ ಇರುತ್ತದೆ, ಬೆರಳ ತುದಿಯಷ್ಟು ಮಾಂಸದ ತುಣುಕು. ಅದರ ಮೂಲೆಯನ್ನು ಯಾರೋ ಅಚ್ಚುಕಟ್ಟಾಗಿ ಕತ್ತರಿಸಿದ್ದರು. "ಇದು ಚಾಕು ಅಲ್ಲ. ಕತ್ತರಿ. ಈ ವರ್ಷದ ಹೊಸ ಕಟ್ಟಳೆ ಇದು. ಮೀನಿನ ಕುಲ ಯಾವುದು ಅಂತ ನೋಡೋಕೆ ರೆಕ್ಕೆಯ ಮೂಲೇನೂ ಕಳಿಸ್ಬೇಕಂತೆ. ಏಪ್ರಿಲಿನಲ್ಲಿ ಪೇಟೇಲಿ ಎರಡು ದಿನ ಪಾಠ ಮಾಡಿ ಒಂದು ಕತ್ತರಿ ಕೊಟ್ಟು ಕಳಿಸಿದ್ರು. ಜೂನ್ ಕೊನೇಲಿ ನಮಗೆಲ್ಲ ಹೇಳಿಕೊಡ್ಬೇಕಿತ್ತು. ಅಷ್ಟರಲ್ಲಿ ಹೊಳೆ ಮುಚ್ಚಿತು."

"ಪಾಠಕ್ಕೆ ಹೋದೋರು ಯಾರು?"

ರೈದುನ್ ಬಟ್ಟೆಯೊಂದನ್ನು ಎಳೆದುಕೊಂಡು, ಒಂದೊಂದೇ ಬೆರಳು ಒರೆಸಿಕೊಂಡಳು.

"ಒಬ್ಬನೇ. ತೋರ್ಮೋದ್."

ತೋರ್ಮೋದ್ ಸಂಘದ ಅಧ್ಯಕ್ಷ. ಇವತ್ತಿನ ಠರಾವು ಬರೆದವನೂ ಅವನೇ.

"ಹಾಲ್ವಾರನ ಪರವಾಗಿ ಮಾತಾಡೋರು ಯಾರಾದ್ರೂ ಇದ್ದಾರಾ, ರೈದುನ್? ಮನೆಯವರು?"

"ಹೆಂಡತಿ ಮಣ್ಣಿಗೆ ಹೋಗಿ ಆರು ವರ್ಷ. ಒಬ್ಬಳೇ ಮಗಳು, ಸಿಗ್ನೆ. ಅವಳು ಕರೆಂಟು ಮನೆಯ ಕೆಲಸಕ್ಕೆ ಸೇರಿದ ದಿನ ಅಪ್ಪ ಹೇಳಿದ, ಹೊಳೆಯ ಕುತ್ತಿಗೆ ಹಿಚುಕೋ ಕಡೆ ಉಣ್ಣೋಳು ನನ್ನ ಮೇಜಿಗೆ ಬರ್ಬೇಡ ಅಂತ. ಎರಡು ವರ್ಷ ಆಯ್ತು. ಇವಳು ಬಂದಿಲ್ಲ, ಅವನು ಕರೆದಿಲ್ಲ. ಇಬ್ಬರದೂ ಒಂದೇ ಕಲ್ಲು." ರೈದುನ್ ಬಾಗಿಲು ತೆರೆದಳು. ಹೊರಗೆ ಬಿಸಿಲು ಕಣ್ಣು ಕುಕ್ಕಿತು. "ನೋಡು, ಗಾಳದ ಕೋಲು ಹಿಡಿದವನು ಕಳ್ಳ. ಹೊಳೇನೇ ಕುಡಿದವನು ಯಜಮಾನ. ಇದನ್ನೂ ನಿನ್ನ ಪುಸ್ತಕದಲ್ಲಿ ಬರ್ಕೋ."

*

ಅಟ್ಟಣೆಗೆ ಇಪ್ಪತ್ತಾರು ಮೆಟ್ಟಿಲು. ಕಡಲ ತೋಳಿನ ಅಂಚಿನ ಬಂಡೆಯಿಂದ ನಾಲ್ಕು ಉದ್ದನೆಯ ಮರದ ಕಾಲುಗಳು ನೀರಿನ ಮೇಲಕ್ಕೆ ಬಾಗಿ ನಿಂತಿದ್ದವು. ಅವುಗಳ ತುದಿಯಲ್ಲಿ ಕೋಳಿಗೂಡಿನಂಥದೊಂದು ಹಲಗೆ ಮನೆ. ಕೆಳಗೆ, ನೀರಿನ ತಳದಲ್ಲಿ, ಬಿಳಿ ಬಣ್ಣ ಬಳಿದ ಹಲಗೆಗಳ ಸಾಲು. ಹೊಳೆಗೆ ಹೊರಟ ಸಾಲ್ಮನ್ ಆ ಬಿಳುಪಿನ ಮೇಲೆ ಹಾಯುವಾಗ ಒಂದು ಗಳಿಗೆ ನೆರಳಾಗಿ ಕಾಣುತ್ತದೆ. ಹಿಂದೆ ಆ ಗಳಿಗೆಯಲ್ಲಿ ಹಗ್ಗ ಎಳೆದು ಬಲೆ ಮುಚ್ಚುತ್ತಿದ್ದರು. ಹನ್ನೆರಡು ವರ್ಷದ ಹಿಂದೆ, ಯಾರೂ ಹೇಳುವ ಮೊದಲೇ, ಹಾಲ್ವಾರ್ ಬಲೆ ಬಿಚ್ಚಿ ಒಣಗಿಸಿ ಮಡಚಿಟ್ಟ. ಹತ್ತುವುದನ್ನು ಮಾತ್ರ ಬಿಡಲಿಲ್ಲ. ಈಗ ಬರೀ ಎಣಿಸುತ್ತಾನೆ.

"ಬರೋದಾದ್ರೆ ಬಾ," ಮೇಲಿನಿಂದ ದನಿ ಬಂತು. "ಮಾತು ಕೆಳಗೆ ಬಿಟ್ಟು ಬಾ."

ಅಸ್ಲಾಗ್ ಹತ್ತಿ ಅವನ ಪಕ್ಕ ಕುಳಿತಳು. ಎಪ್ಪತ್ತೊಂದರ ಹಾಲ್ವಾರನ ಕಣ್ಣು ನೀರಿನಿಂದ ಕದಲಲಿಲ್ಲ. ಅವನ ಹಿಂದಿನ ಹಲಗೆ ಗೋಡೆಯ ತುಂಬ ಸೀಮೆಸುಣ್ಣದ ಗೀಟು. ಪ್ರತಿ ದಿನಕ್ಕೊಂದು ಸಾಲು, ಪ್ರತಿ ಮೀನಿಗೊಂದು ಗೀಟು.

ಬಿಳಿ ಹಲಗೆಯ ಮೇಲೆ ಒಂದು ಕಪ್ಪು ನೆರಳು ಜಾರಿತು. ಹಾಲ್ವಾರ್ ತಿರುಗದೆಯೇ ಕೈ ಹಿಂದೆ ಚಾಚಿ ಗೀಟು ಎಳೆದ.

"ಬುಧವಾರದ ಸಾಲು ನೋಡು," ಎಂದಳು ಅಸ್ಲಾಗ್. "ಹನ್ನೊಂದು ಗೀಟಿನ ಮೇಲೆ ಅಡ್ಡಗೀಟು ಎಳೆದಿದ್ದೀಯ."

"ತಪ್ಪು ಎಣಿಕೆ."

"ಬೇರೆ ಯಾವ ಸಾಲಲ್ಲೂ ತಪ್ಪಿಲ್ಲ."

"ವಯಸ್ಸಾಯ್ತು."

"ಆ ಮೀನುಗಳ ಕಿವಿರಲ್ಲಿ ಪಾದ್ರಿ ಮಡುವಿನ ಜೇಡಿ ಇದೆ, ಹಾಲ್ವಾರ್. ನೀನು ಹಿಡಿದಿಲ್ಲ. ಯಾರೂ ಹಿಡಿದಿಲ್ಲ. ಹೇಗೆ ಸತ್ತವು ಅಂತ ನಿನಗೆ ಗೊತ್ತು."

ಅವನು ಸೀಮೆಸುಣ್ಣವನ್ನು ಬೆರಳುಗಳ ನಡುವೆ ಹೊರಳಿಸಿದ.

"ಆರು ಗಂಟೆಗೆ ಈ ಅಟ್ಟಣೆ ನಿನ್ನದಲ್ಲ. ಗೊತ್ತಾ?"

"ಗೊತ್ತು."

"ನಾಳೆ ನಿನ್ನ ಕಂಡ್ರೆ ಜನ ರಸ್ತೆಯ ಆ ಕಡೆಗೆ ಹೋಗ್ತಾರೆ."

"ಇವತ್ತೇ ಹೋಗ್ತಿದ್ದಾರೆ."

"ಒಂದೇ ಒಂದು ಮಾತು ಹೇಳು ಸಾಕು."

ಹಾಲ್ವಾರ್ ಮೊದಲ ಸಲ ನೀರಿನಿಂದ ಕಣ್ಣು ತೆಗೆದ. ತಿಳಿನೀಲಿ ಕಣ್ಣು, ಅಂಚು ಕೆಂಪಾಗಿತ್ತು.

"ಕರೆಂಟು ಮನೆಗೆ ಹೋಗಿದ್ಯಾ?"

"ಇನ್ನೂ ಇಲ್ಲ."

"ಹೋಗ್ಬೇಡ," ಎಂದ. ಅದು ಬೆದರಿಕೆಯಾಗಿರಲಿಲ್ಲ. ಬೇಡಿಕೆಯ ಹಾಗಿತ್ತು. ಅಷ್ಟು ಹೇಳಿ ಮತ್ತೆ ನೀರಿನ ಕಡೆ ತಿರುಗಿದ. ಆಮೇಲೆ ಅವಳು ಏನು ಕೇಳಿದರೂ ಅಲ್ಲಿ ಮನುಷ್ಯನೇ ಇಲ್ಲದ ಹಾಗೆ ಕುಳಿತ.

*

ಸೇತುವೆಯ ಪಕ್ಕ ಗಾಳದ ಕೋಲು ತೊಳೆಯುವ ಗುಡಿಸಲಿದೆ. ಬೇರೆ ಹೊಳೆಯ ರೋಗ ಇಲ್ಲಿಗೆ ಅಂಟಬಾರದೆಂದು ಪರವೂರಿನವರು ಕೋಲು, ಬೂಟು ಎಲ್ಲ ಅಲ್ಲಿನ ಮದ್ದಿನ ನೀರಿನಲ್ಲಿ ಅದ್ದಿಯೇ ದಂಡೆಗೆ ಇಳಿಯಬೇಕು. ಹೊಳೆ ಮುಚ್ಚಿದ ಮೇಲೆ ತೊಟ್ಟಿ ಬತ್ತಿತ್ತು, ವಾಸನೆ ಉಳಿದಿತ್ತು. ತೋರ್ಮೋದ್ ಒಳಗಿನ ಸಣ್ಣ ಮೇಜಿನ ಮುಂದೆ ಕುಳಿತು ಠರಾವಿನ ಕೊನೆಯ ಸಾಲು ತಿದ್ದುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೊಣಕೈವರೆಗೆ ಮಡಚಿದ ತೋಳು.

"ಬಾ ಅಸ್ಲಾಗ್. ಫ್ಲಾಸ್ಕಿನಲ್ಲಿ ಕಾಫಿ ಇದೆ."

"ಬೇಡ. ಈ ವರ್ಷದ ಹುರುಪೆ ಲಕೋಟೆಗಳು ಎಲ್ಲಿವೆ?"

"ಹೊಳೆ ಮುಚ್ಚಿದೆ. ಲಕೋಟೆ ಎಲ್ಲಿಂದ ಬರ್ಬೇಕು?"

"ಜೂನ್ ಮೊದಲಲ್ಲಿ ಹಿಡಿದಿದ್ದು?"

"ಆಗಲೇ ಕಳಿಸಿದ್ದೀನಿ."

"ಪೇಟೇಲಿ ಕೊಟ್ಟ ಕತ್ತರಿ?"

ಪೆನ್ನು ನಿಂತಿತು.

"ಯಾವ ಕತ್ತರಿ?"

"ಕಿರುರೆಕ್ಕೆಯ ಮೂಲೆ ಕತ್ತರಿಸೋದು. ಈ ಕಣಿವೇಲಿ ಅದಿರೋದು ಒಂದೇ, ಅದನ್ನ ಬಳಸೋಕೆ ಬರೋದೂ ಒಬ್ಬನಿಗೇ. ಹನ್ನೊಂದು ಮೀನೂ ರೈದುನ್‌ಳ ಶೀತಕೋಣೇಲಿವೆ, ತೋರ್ಮೋದ್. ಹನ್ನೊಂದರ ಪಕ್ಕೆಯಲ್ಲೂ ಹುರುಪೆ ಇಲ್ಲ. ಹನ್ನೊಂದರ ರೆಕ್ಕೆಗೂ ಮೂಲೆ ಇಲ್ಲ."

ತೋರ್ಮೋದ್ ನಗಲು ನೋಡಿದ. "ಇಲಾಖೆಯವನು ಆಗಲೇ ನೋಡಿ ಹೋದ."

"ಅವನು ಎಣಿಸಿ ಹೋದ. ನಾನು ನೋಡಿ ಬಂದೆ."

ಹೊರಗೆ ಸೇತುವೆಯ ಮೇಲೆ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ತೋರ್ಮೋದ್ ಎದ್ದು, ಗೋಡೆಯ ಕಪಾಟು ತೆರೆದು, ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದು ಠರಾವಿನ ಮೇಲೆಯೇ ಇಟ್ಟ.

ಒಳಗೆ ಹನ್ನೊಂದು ಕಂದು ಲಕೋಟೆಗಳು ದಾರದಿಂದ ಕಟ್ಟಿದ್ದವು. ಪ್ರತಿಯೊಂದರ ಮೇಲೂ ಗುಂಡನೆಯ ಅಕ್ಷರದಲ್ಲಿ ಉದ್ದ, ತೂಕ, ಗಂಡೋ ಹೆಣ್ಣೋ. ಜುಲೈ ಎರಡು. ಪಾದ್ರಿ ಮಡು. 'ಹಿಡಿದ ಬಗೆ' ಎಂಬಲ್ಲಿ ಮಾತ್ರ ಖಾಲಿ.

"ಇವನ್ನ ಸುಟ್ಟುಹಾಕಬಹುದಿತ್ತಲ್ಲ?"

"ಒಲೆ ತನಕ ಒಯ್ದೆ." ತೋರ್ಮೋದ್ ಕುಸಿದು ಕುಳಿತ. "ಅಜ್ಜ ಶುರು ಮಾಡಿದ್ದು. ಯುದ್ಧದ ವರ್ಷಗಳಲ್ಲೂ ಒಂದು ಮೀನು ಬಿಟ್ಟುಹೋಗಿಲ್ಲ. ನನ್ನ ಕೈಯಲ್ಲಿ ಹನ್ನೊಂದು ತಪ್ಪಿಹೋಗ್ಬೇಕಾ?"

"ಹಾಲ್ವಾರನ ಮಾನ ತಪ್ಪಿಹೋದ್ರೆ ಪರವಾಗಿಲ್ಲ. ಲಕೋಟೆ ತಪ್ಪಬಾರದು."

ಅವನು ತಲೆ ತಗ್ಗಿಸಿದ.

"ಹೇಳು. ಮೊದಲಿಂದ ಹೇಳು."

"ಬುಧವಾರ ಬೆಳಗ್ಗೆ ಐದಕ್ಕೆ ಹಾಲ್ವಾರನೇ ಫೋನು ಮಾಡಿದ. ಬೇಗ ಬಾ, ಮಡು ಇಲ್ಲ ಅಂದ. ಮಡು ಇಲ್ಲ, ಅಷ್ಟೇ ಅಂದ. ನಾನು ಹೋಗಿ ನೋಡ್ತೀನಿ, ಅವನು ಸೊಂಟದವರೆಗೆ ಜೇಡಿಯಲ್ಲಿ ನಿಂತು ಬಕೆಟ್ಟಿನಲ್ಲಿ ನೀರು ತಂದು ತಂದು ಮೀನಿನ ಮೇಲೆ ಹುಯ್ಯುತ್ತಿದ್ದಾನೆ. ಆ ಮುದುಕ. ಒಂದೊಂದು ಬಕೆಟ್ಟು." ತೋರ್ಮೋದ್ ಮುಖ ಉಜ್ಜಿಕೊಂಡ. "ಕರೆಂಟು ಮನೆಯವರು ಮೇಲಿನ ಗೇಟು ಒಂದೇ ಸಲಕ್ಕೆ ಇಳಿಸಿಬಿಟ್ಟಿದ್ದಾರೆ. ಗಂಟೆಗೆ ಒಂದು ಗೇಣಿಗಿಂತ ಜಾಸ್ತಿ ಇಳಿಸಬಾರದು ಅಂತ ಷರತ್ತಿದೆ. ಇಪ್ಪತ್ತು ನಿಮಿಷದಲ್ಲಿ ಹೊಳೆಯೇ ಹೋಯ್ತು. ಮೀನುಗಳು ಕಲ್ಲಿನ ಮೇಲೆ ಬಡ್ಕೊಳ್ತಾ ಇದ್ವು. ಏಳು ಗಂಟೆಗೆ ನೀರು ವಾಪಸ್ ಬಿಟ್ರು. ಏನೂ ಆಗಿಲ್ಲ ಅನ್ನೋ ಹಾಗೆ."

"ಆಗ ನೀನು ಹುರುಪೆ ತೆಗೆದೆ."

"ಕೈ ತಾನಾಗೇ ತೆಗೀತು."

"ಮೀನನ್ನ ಹಾಲ್ವಾರನ ದೋಣಿಮನೇಲಿ ಇಟ್ಟೋರು ಯಾರು?"

"ನಾವಿಬ್ಬರೂ. ಮಂಜುಗಡ್ಡೆ ಹಾಕಿ ಇಡು, ನಾನು ದೂರು ಬರೀತೀನಿ, ಇವೇ ಸಾಕ್ಷಿ ಅಂದೆ. ದೂರು ಕೊಡ್ಬೇಕು ಅಂತಲೇ ಇದ್ದೆ, ಅಸ್ಲಾಗ್. ಆಣೆಗೂ. ಅಷ್ಟರಲ್ಲಿ ಕರೆಂಟು ಕಂಪನಿಯವರ ಫೋನು ಬಂತು. ಮರಿಮೀನು ಸಾಕೋ ಕೇಂದ್ರ ನಡೀತಿರೋದು ಅವರ ದುಡ್ಡಲ್ಲಿ. ಅದು ನಿಂತರೆ ಹೊಳೆಗೆ ಮರಿ ಬಿಡೋರು ಯಾರು? ಹನ್ನೊಂದು ಮೀನಿಗೋಸ್ಕರ ಹತ್ತು ಸಾವಿರ ಮರಿ ಕಳ್ಕೊಳ್ಳೋದಾ?"

"ಅದಕ್ಕೆ ಸುಮ್ಮನಾದೆ. ಸುಮ್ಮನೆ ಇದ್ದಿದ್ದರೆ ಒಂದು ಮಾತು. ಮೀನು ಸಿಕ್ಕಿಬಿತ್ತು, ಊರೆಲ್ಲ ಅವನಿಗೆ ಉಗೀತು, ನೀನು ಪೆನ್ನು ತಗೊಂಡು ಕೂತು ಠರಾವು ಬರೆದೆ!" ಅಸ್ಲಾಗ್‌ಳ ದನಿ ಏರಿತು. ಅವಳು ಡಬ್ಬಿ ಎತ್ತಿ, ಕೆಳಗಿನ ಕಾಗದ ಎಳೆದು, ಅವನ ಮುಖಕ್ಕೆ ಹಿಡಿದಳು. "ಓದು. 'ಊರಿನ ನಂಬಿಕೆಗೆ ದ್ರೋಹ ಬಗೆದ ಹಾಲ್ವಾರ್.' ನಿನ್ನ ಅಕ್ಷರ. ಲಕೋಟೆ ಮೇಲೂ ಅದೇ ಅಕ್ಷರ. ಬಕೆಟ್ಟು ಹೊತ್ತವನಿಗೆ ದ್ರೋಹಿ ಅಂತ ಬರೆಯೋವಾಗ ಕೈ ತಾನಾಗೇ ನಿಲ್ಲಲಿಲ್ವಾ?"

ತೋರ್ಮೋದ್ ಓದಲಿಲ್ಲ.

"ಅವನು ಯಾಕೆ ಬಾಯಿ ಬಿಡ್ತಿಲ್ಲ? ಅವನ ಪರ ನೀನೊಬ್ಬನೇ ಸಾಕ್ಷಿ. ನಿನ್ನ ಹೆಸರು ಹೇಳಿದ್ರೆ ಸಾಕಿತ್ತು."

"ಹೇಳಲ್ಲ."

"ಯಾಕೆ?"

"ನಾನು ಅವನಿಗೆ ಬೆದರಿಕೆ ಹಾಕಿಲ್ಲ, ಅದು ಬರ್ಕೋ."

"ಏನು ಹಾಕಿದೆ ಮತ್ತೆ?"

ತೋರ್ಮೋದ್ ಬತ್ತಿದ ತೊಟ್ಟಿಯ ಕಡೆ ನೋಡುತ್ತ ಹೇಳಿದ: "ಒಂದು ಪ್ರಶ್ನೆ ಕೇಳಿದೆ. ಆ ಪಾಳಿಯಲ್ಲಿ ಗೇಟಿನ ಹತ್ತಿರ ಇದ್ದೋರು ಯಾರು ಗೊತ್ತಾ ಅಂತ."

ಅಸ್ಲಾಗ್‌ಗೆ ಅಟ್ಟಣೆಯ ಮೇಲಿನ ಕೆಂಪು ಕಣ್ಣುಗಳು ನೆನಪಾದವು. ಹೋಗ್ಬೇಡ.

"ಸಿಗ್ನೆ," ಎಂದಳು.

"ಇಳಿಸು ಅಂದೋರು ಮೇಲಿನವರು ಇರ್ಬೇಕು. ಫೋನಿನಲ್ಲಿ ಅಂದಿರ್ತಾರೆ, ಬರಹದಲ್ಲಿ ಇರಲ್ಲ. ಪಾಳಿ ಪುಸ್ತಕದಲ್ಲಿರೋದು ಅವಳೊಬ್ಬಳ ಸಹಿ. ಕೇಸು ಆದ್ರೆ ಒಳಗೆ ಹೋಗೋಳು ಅವಳು. ಹಾಲ್ವಾರ್ ಕೇಳಿದ, ಹಾಗೇ ನಿಂತ, ಆಮೇಲೆ ಬಕೆಟ್ಟು ತಗೊಂಡು ಮನೆಗೆ ಹೋದ. ಅಷ್ಟೇ."

ಎರಡು ವರ್ಷ ಮಗಳ ಮುಖ ನೋಡದ ಅಪ್ಪ. ಅವಳಿಗಾಗಿ ಕಳ್ಳನಾಗಲು ಒಪ್ಪಿ ಅಟ್ಟಣೆ ಹತ್ತಿ ಕುಳಿತಿದ್ದಾನೆ.

ಅಸ್ಲಾಗ್ ಗಡಿಯಾರ ನೋಡಿದಳು. ಆರಕ್ಕೆ ಹತ್ತು ನಿಮಿಷ. ಲಕೋಟೆಗಳ ಕಟ್ಟು ಕೈಗೆತ್ತಿಕೊಂಡಳು.

"ಏಳು. ಕೋಟು ಹಾಕ್ಕೋ. ಇದನ್ನ ನೀನೇ ಸಭೇಲಿ ಹೇಳ್ತೀಯ."

"ಹೇಳಿದ್ರೆ ಆ ಹುಡುಗಿ..."

"ಆ ಹುಡುಗಿಯ ಹೆಸರನ್ನ ಮೂರು ದಿನ ಬೀಗ ಮಾಡ್ಕೊಂಡು ಅವಳಪ್ಪನ ಬಾಯಿಗೆ ಹಾಕಿದವನು ನೀನು. ಈಗ ಅವಳ ಚಿಂತೆ ಮಾಡ್ಬೇಡ. ಏಳು."

*

ಸಭಾಭವನದ ಹೊರಗೂ ದೋಸೆ ಹುಯ್ಯುವ ವಾಸನೆ ಬರುತ್ತಿತ್ತು. ಮನುಷ್ಯನ ಮಾನ ತೆಗೆಯುವುದಿದ್ದರೂ ಹೆಲ್ಡಾದ ಸಭೆಗೆ ಕಬ್ಬಿಣದಚ್ಚಿನ ಸಿಹಿದೋಸೆ, ಮೇಲೊಂದು ತೆಳು ಹಲ್ಲೆ ಕಂದು ಗಿಣ್ಣು, ಕಾಫಿ ಬೇಕೇ ಬೇಕು.

ಸಂಘದ ಮೂವತ್ತೊಂದು ಒಡೆಯರೂ ಬಂದಿದ್ದರು, ಕರೆಂಟು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರೂ ಸೇರಿ. ನೋಡಲು ಬಂದವರು ಗೋಡೆಗೊರಗಿ ನಿಂತಿದ್ದರು. ಹಾಲ್ವಾರ್ ಮುಂದಿನ ಸಾಲಿನಲ್ಲಿದ್ದ, ಬೆಳ್ಳಿ ಗುಂಡಿಯ ಹಬ್ಬದ ಉಣ್ಣೆಕೋಟು ತೊಟ್ಟು. ಅವನ ಎರಡೂ ಪಕ್ಕದ ಕುರ್ಚಿ ಖಾಲಿ. ರೈದುನ್ ಮಾತ್ರ ಅವನ ಬೆನ್ನ ಹಿಂದೆಯೇ ಕುಳಿತಿದ್ದಳು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಟ್ಟದೆ.

ಅಸ್ಲಾಗ್ ಬಾಗಿಲಲ್ಲಿ ಕಾಣಿಸಿದಾಗ ಉಪಾಧ್ಯಕ್ಷ ಕೈ ಎತ್ತುವವರನ್ನು ಕರೆಯುತ್ತಿದ್ದ. "ನಿಲ್ಲಿಸಿ," ಎಂದಳು ಅವಳು. "ಠರಾವಿಗೆ ಮೊದಲು ತೋರ್ಮೋದ್ ಒಂದು ಮಾತು ಹೇಳ್ಬೇಕು."

ತಲೆಗಳೆಲ್ಲ ತಿರುಗಿದವು. ಹಾಲ್ವಾರನೂ ತಿರುಗಿದ. ಅವನು ನೋಡಿದ್ದು ಅಸ್ಲಾಗ್‌ಳನ್ನಲ್ಲ, ತೋರ್ಮೋದನನ್ನೂ ಅಲ್ಲ. ಅವಳ ಕೈಯಲ್ಲಿದ್ದ ಕಂದು ಲಕೋಟೆಗಳ ಕಟ್ಟನ್ನು.

ತೋರ್ಮೋದ್ ಬಾಯಿ ತೆರೆಯುವ ಮೊದಲೇ ಹಾಲ್ವಾರ್ ಎದ್ದು ನಿಂತ.

"ನಾನೇ," ಎಂದ. ಗಟ್ಟಿಯಾಗಿಯೇ ಎಂದ. "ನಾನೇ ಹಿಡಿದೆ. ಹನ್ನೊಂದೂ. ಪಾದ್ರಿ ಮಡುವಲ್ಲಿ. ಬಲೆ ಹಾಕಿ."

ಭವನ ಒಮ್ಮೆಲೇ ಕುದಿಯಿತು. "ಕೇಳಿದ್ರಾ!" "ನಮಗೆ ಬುದ್ಧಿ ಹೇಳೋಕೆ ಬಂದಿದ್ದ!" "ಹನ್ನೆರಡು ವರ್ಷದಿಂದ ಬಲೆ ಮುಟ್ಟಿಲ್ಲ ಅಂತಿದ್ಯಲ್ಲೋ!" ಯಾರೋ ಕುರ್ಚಿ ಒದ್ದರು.

"ಸುಳ್ಳು!" ರೈದುನ್ ತಟ್ಟೆ ನೆಲಕ್ಕೆ ಬಿಟ್ಟು ಎದ್ದಳು. "ಒಂದಕ್ಕೂ ಬಲೆಯ ಗುರುತಿಲ್ಲ! ಹನ್ನೊಂದನ್ನೂ ನಾನೇ ಮಗುಚಿ ನೋಡಿದ್ದೀನಿ! ಯಾಕೋ ಸುಳ್ಳು ಹೇಳ್ತೀಯ, ಮುದುಕ?"

"ನಾನು ಹಿಡಿದೆ," ಹಾಲ್ವಾರ್ ಮತ್ತೆ ಹೇಳಿದ. ಅವನ ಕಣ್ಣು ಅಸ್ಲಾಗ್‌ಳಲ್ಲಿ ನೆಟ್ಟಿತ್ತು. "ಬರ್ಕೋ. ಸಹಿ ಹಾಕ್ತೀನಿ. ಇನ್ನೇನೂ ಓದ್ಬೇಡ."

ಉಪಾಧ್ಯಕ್ಷ ಮೇಜು ಕುಟ್ಟಿದ. "ಒಪ್ಕೊಂಡ ಮೇಲೆ ಇನ್ನೇನಿದೆ? ಕೈ ಎತ್ತಿ."

ಕೈಗಳು ಏಳತೊಡಗಿದವು. ಮೂರು. ಎಂಟು. ಹದಿನಾಲ್ಕು.

"ಅಪ್ಪ. ಕೂತ್ಕೋ."

ದನಿ ಹಿಂದಿನ ಬಾಗಿಲ ಕಡೆಯಿಂದ ಬಂತು. ಎತ್ತರದ ದನಿಯೇನಲ್ಲ. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಕರೆಂಟು ಮನೆಯ ಕಿತ್ತಳೆ ಜಾಕೆಟ್ಟು ತೊಟ್ಟ ಹೆಂಗಸೊಬ್ಬಳು ಒಳಗೆ ಬಂದು ನಿಂತಿದ್ದಳು. ಅವಳ ಎದೆಗೆ ಅವುಚಿದ ಕೈಯಲ್ಲಿ ದಪ್ಪ ರಟ್ಟಿನ ಪಾಳಿ ಪುಸ್ತಕವಿತ್ತು.

ಅಸ್ಲಾಗ್ ತಿರುಗಿ ನೋಡುವ ಮೊದಲೇ ಆ ದನಿಯ ಗುರುತು ಹಿಡಿದಿದ್ದಳು. ಸಿಗ್ನೆಯನ್ನು ಅವಳು ಈವರೆಗೆ ಕಂಡಿರಲಿಲ್ಲ. ದನಿ ಮಾತ್ರ ಹೊಸದಲ್ಲ. ಮೂರು ದಿನದಿಂದ ಠಾಣೆಯ ಯಂತ್ರದಲ್ಲಿ ಹತ್ತಾರು ಸಲ ತಿರುಗಿಸಿ ತಿರುಗಿಸಿ ಕೇಳಿದ ದನಿ ಅದು.

ಕೊಳೆಯೋ ಮೊದಲು ನೋಡಿ.

ಅದು ಚಾಡಿಯಾಗಿರಲಿಲ್ಲ, ಸಾಕ್ಷಿ ಅಳಿಯುವ ಮೊದಲು ನೋಡಿ ಎಂಬ ಮೊರೆ.

"ಕೂತ್ಕೋ ಅಪ್ಪ," ಎಂದಳು ಸಿಗ್ನೆ ಮತ್ತೆ, ಪುಸ್ತಕ ತೆರೆಯುತ್ತ. "ಆ ದಿನ ಫೋನಿನಲ್ಲಿ ಗೇಟು ಇಳಿಸು ಅಂದೋನು ಈ ಕೋಣೆಯೊಳಗೇ ಇದ್ದಾನೆ."

ಹಾಲ್ವಾರ್ ಕೂರಲಿಲ್ಲ. ಎತ್ತಿದ್ದ ಹದಿನಾಲ್ಕು ಕೈಗಳಲ್ಲಿ ಒಂದು, ಎಲ್ಲಕ್ಕಿಂತ ಮೊದಲು, ಮೆಲ್ಲಗೆ ಕೆಳಗಿಳಿಯಿತು.